ತಪ್ಪಿಸಿದ ನಾಲ್ಕನೇ ಸೂಜಿ

ಹೆಣ್ಣಿಗೆ ಎಡಗಣ್ಣು ಅದುರಿದರೆ ಶುಭ ಅಂತಾರೆ. ನನಗೆ ಎರಡು ವರ್ಷ ಬಿಡದೆ ಅದುರಿತು. ಶುಭ ಮಾತ್ರ ನಾನು ದುಡಿಯುವ ಪೀಣ್ಯದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅದುರು ಕೆನ್ನೆಗಿಳಿದು, ತುಟಿಯ ಮೂಲೆ ಎಳೆದು, ಕಣ್ಣು ತಾನಾಗಿ ಮುಚ್ಚತೊಡಗಿದ ಮೇಲೆ ಆಸ್ಪತ್ರೆಗೆ ಹೋದೆ. ಸಣ್ಣ ಸೂಜಿಯಲ್ಲಿ ಮುಖದ ಸ್ನಾಯುಗಳಿಗೆ ಇಂಜೆಕ್ಷನ್ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಮುಖ ತಣ್ಣಗಾಯಿತು. "ಇದು ಪೂರ್ತಿ ವಾಸಿಯಾಗೋದಲ್ಲಮ್ಮ, ಔಷಧಿ ಇಳಿದುಹೋಗುತ್ತೆ. ಮೂರ್ನಾಲ್ಕು ತಿಂಗಳಿಗೊಮ್ಮೆ ಬರಲೇಬೇಕು" ಎಂದರು ಡಾಕ್ಟರು.

ಮೂರು ಸಲ ಹೋದೆ. ನಾಲ್ಕನೇ ಸಲ ಮುಖ ನೆಮ್ಮದಿಯಾಗಿಯೇ ಇತ್ತಲ್ಲ, ಸುಮ್ಮನೆ ಯಾಕೆ ರಜಾ ಹಾಳು ಅಂದುಕೊಂಡು ಆಸ್ಪತ್ರೆಗೆ ಹೋಗಲಿಲ್ಲ. ಬುದ್ಧಿವಂತೆ ನಾನು!

ನಮ್ಮದು ಲೋಹ ಕಡೆಯುವ ನಾಲ್ಕು ಲೇತ್‌ಗಳ ಕಾರ್ಖಾನೆ. ಅಲ್ಲಿ ತಯಾರಾದ, ಉಂಗುರದಂಥ ಲೋಹದ ಬುಷ್‌ಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು ಪಾಸು, ಫೇಲು ಹೇಳುವುದು ನನ್ನ ಕೆಲಸ. ಹತ್ತು ವರ್ಷ ದುಡಿದು ಗಳಿಸಿದ ಮೇಜು ಅದು. ಅದುರು ಮತ್ತೆ ಬಂದಾಗ ಬಾಯಿ ಬಿಡಲಿಲ್ಲ; ಬಿಟ್ಟರೆ ಪ್ಯಾಕಿಂಗಿಗೆ ತಳ್ಳುತ್ತಾರೆಂಬ ಭಯ. ಎಡಗಣ್ಣು ಮುಚ್ಚಿದಾಗಲೆಲ್ಲ ತಲೆ ವಾರೆ ಮಾಡಿ ಮೈಕ್ರೋಮೀಟರಿನ ಗೆರೆಗಳನ್ನು ಬಲಗಣ್ಣಿನಲ್ಲಿ ಓದಿದೆ. ವಾರೆಯಾಗಿ ನೋಡಿದರೆ ಗೆರೆ ತಪ್ಪುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳೂ ನಾನೇ.

ತಪ್ಪಿಯೇ ತಪ್ಪಿತು. ನಾನು ಪಾಸು ಮಾಡಿದ ಒಂದು ಟ್ರೇ ಬುಷ್ ಅಳತೆ ಮೀರಿದ್ದನ್ನು ಫೋರ್‌ಮನ್ ಹಿಡಿದರು. ನನಗೆ ಅಳು ಬಂತು, ಎಲ್ಲ ಹೇಳಿಬಿಟ್ಟೆ. ಅವರು ನನ್ನ ಮೈಕ್ರೋಮೀಟರ್ ಎತ್ತಿ, ಅದರ ಡಬ್ಬಿಯ ಮೇಲಿನ ಚೀಟಿ ತೋರಿಸಿದರು. ಸರಿಯಾಗಿ ಓದುತ್ತಿರಲಿ ಬಿಡಲಿ, ಆ ಚೀಟಿಯ ತಾರೀಕು ಬಂದರೆ ಉಪಕರಣ ಪರೀಕ್ಷೆಗೆ ಹೋಗಬೇಕು. ತಾರೀಕು ಮೀರಿದ್ದನ್ನು ಯಾರಾದರೂ ಬಳಸಿದರೆ ಕೈಯಿಂದ ಕಿತ್ತುಕೊಂಡು ಬೈಯುವವಳು ನಾನು.

"ಚೆನ್ನಾಗೇ ಐತೆ ಅಂತ ನಾವ್ ಕಳಿಸ್ದೆ ಇದ್ರೆ ನೀನ್ ಸುಮ್ನಿರ್ತೀಯಾ? ನಿನ್ ಡೇಟ್ ಮುಗ್ದೈತೆ ಕಣಮ್ಮ. ಹೋಗು, ಸೂಜಿ ಹಾಕಿಸ್ಕೊಂಡ್ ಬಾ. ಆಮೇಲೆ ನೂರು ಬುಷ್ ಅಳೆದು ತೋರ್ಸು. ಒಂದ್ ತಪ್ಪಿದ್ರೂ ಪ್ಯಾಕಿಂಗೇ."

ನಾಚಿಕೆಯಿಂದ ಸತ್ತೆ. ಮರುದಿನವೇ ಹೋದೆ.

ಹತ್ತು ದಿನ ಪ್ಯಾಕಿಂಗಿನಲ್ಲಿ ಡಬ್ಬ ಕಟ್ಟಿದೆ. ಹನ್ನೊಂದನೇ ದಿನ ಮುಖ ಸುಮ್ಮನಿತ್ತು. ಫೋರ್‌ಮನ್ ತಾವೇ ಲೇತಿನಲ್ಲಿ ಮಾಡಿದ ನೂರು ಬುಷ್ ತಂದು ಸುರಿದರು. ತಲೆ ನೆಟ್ಟಗಿಟ್ಟು, ಎರಡೂ ಕಣ್ಣು ಬಿಟ್ಟು ಅಳೆದೆ. ತೊಂಬತ್ತೇಳು ಪಾಸು. ಫೇಲಾದ ಮೂರನ್ನು ಅವರ ಕೈಗೇ ವಾಪಸ್ ಕೊಟ್ಟೆ. ಅವರು ಒಂದೊಂದನ್ನೂ ಎರಡೆರಡು ಸಲ ಅಳೆದರು. ಮೂರನ್ನೂ ರಿಜೆಕ್ಟ್ ಟ್ರೇಗೆ ಎಸೆದು, "ನಿನ್ ಮೇಜಲ್ಲಿ ಕೂತ್ಕೋ ಹೋಗು" ಎಂದರು.