ಬೇಡ ಅಂದಿದ್ದಳು

ಅತ್ತಿಗುಪ್ಪೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳಿದ್ದಳು. ಮೆಟ್ಟಿಲಿನ ಕಂಬಿಯ ಮೇಲೆ ಜಾರಿಕೊಂಡೇ ಕೆಳಗಿಳಿಯುತ್ತಿದ್ದಳು. ಎದುರು ಮನೆಯಲ್ಲಿ ಒಂಟಿಯಾಗಿದ್ದ ಅಂಕಲ್, ಬೀದಿಯಲ್ಲಿ ಯಾರಿಗೆ ಏನು ಬೇಕಾದರೂ ಓಡಿಬರುವ ಮನುಷ್ಯ. ಯುಗಾದಿಯ ದಿನ ಅವನ ಮನೆಗೆ ಒಬ್ಬಟ್ಟು ಕೊಟ್ಟು ಬಾ ಎಂದು ಅವಳ ಅಮ್ಮ ಹೇಳಿದಾಗ ಹುಡುಗಿ ಒಲ್ಲೆ ಎಂದಳು.

"ಬೇಡಮ್ಮ, ಆ ಅಂಕಲ್ ಮನೆಗೆ ನಾನು ಹೋಗಲ್ಲ."

"ದೊಡ್ಡವ್ರ ಬಗ್ಗೆ ಹಂಗೆಲ್ಲ ಅನ್ಬಾರ್ದು ಕಣೇ" ಎಂದು ಅಮ್ಮ ಗದರಿ ಕಳಿಸಿದರು. ಹುಡುಗಿ ತಿರುಗಿ ಬರಲಿಲ್ಲ. ಅವನು ಅವಳನ್ನು ಕೊಂದಿದ್ದ. ಈಗ ಜೈಲಿನಲ್ಲಿದ್ದಾನೆ.

ಆಮೇಲೆ ಆ ತಾಯಿ ಯಾರ ಮನೆಗೂ ಹೋಗುತ್ತಿರಲಿಲ್ಲ. ಹೋದ ವರ್ಷ ನನ್ನ ಮಗಳ ಹುಟ್ಟುಹಬ್ಬಕ್ಕೆ ಕರೆದಾಗ ಹೇಗೋ ಬಂದು ಮೂಲೆಯಲ್ಲಿ ಕೂತರು. ನಮ್ಮ ನೆಂಟರೊಬ್ಬರು ನನ್ನ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಮುತ್ತು ಕೇಳುತ್ತಿದ್ದರು. ಅವಳು ಬೇಡ ಬೇಡ ಎಂದು ಕೊಸರಾಡುತ್ತಿದ್ದಳು. "ಕೊಡೇ, ತಾತ ಅಲ್ವಾ" ಎಂದು ನಾನೂ ನಗುತ್ತಲೇ ಅಂದೆ.

ಆಕೆ ಎದ್ದು ನಿಂತರು. "ಬಿಡಿ ಅವಳನ್ನ. ಬೇಡ ಅಂತಿದಾಳಲ್ಲ!"

ನೆಂಟರು ಸಿಟ್ಟಾಗಿ ಊಟವನ್ನೂ ಮಾಡದೆ ಹೊರಟರು. ನಾನು ತಡೆಯಲಿಲ್ಲ. ಆಕೆ ನನ್ನ ಕೈ ಹಿಡಿದು, "ನನ್ ಮಗಳೂ ಬೇಡ ಅಂದಿದ್ಲು. ನಾನೇ ಕೇಳ್ಲಿಲ್ಲ" ಎಂದು ಅತ್ತರು.

ನಮ್ಮ ಬೀದಿಯ ಬೇರೆ ಮಕ್ಕಳೂ ಆ ಎದುರು ಮನೆಯವನನ್ನು ಕಂಡರೆ ನಮ್ಮ ಬೆನ್ನ ಹಿಂದೆ ಅಡಗುತ್ತಿದ್ದವು. ನಾವೆಲ್ಲ ಅದನ್ನು ನಾಚಿಕೆ ಎಂದುಕೊಂಡಿದ್ದೆವು.