ಗುರುವಾರದ ಅಕ್ಕಾರು

ಅವರ ಬಲಗೈ ಹೆಬ್ಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಹೂಸ್ಟನ್ನಿನ ಲ್ಯಾಬುಗಳಲ್ಲಿ ಮೂವತ್ತು ವರ್ಷ, ಹನಿಹನಿಯಾಗಿ ದ್ರವ ಅಳೆಯುವ ಪಿಪೆಟ್ ಒತ್ತಿದ ಬೆರಳು ಅದು. ಧಾರವಾಡದವರು, ಒಂಟಿ ಜೀವ. ನಾನು ಮೇಡಂ ಅಂದರೆ, “ಮೇಡಂ ಬ್ಯಾಡ್ರಿ, ಅಕ್ಕಾರ ಅನ್ರಿ” ಎನ್ನುತ್ತಿದ್ದರು. ಅವರ ಕಡೆ ಟೀಚರನ್ನು ಹಾಗೆ ಕರೆಯುತ್ತಾರಂತೆ.

ನಮ್ಮ ಯೂನಿವರ್ಸಿಟಿಯಲ್ಲಿ ಸಂಶೋಧನಾ ಸಿಬ್ಬಂದಿಗೆ ದಾರಿ ತೋರಿಸಲು ಒಬ್ಬೊಬ್ಬ ಮೆಂಟರನ್ನು ಜೋಡಿಸುತ್ತಾರೆ. ಮೆಂಟರುಗಳ ಲಿಸ್ಟ್ ನೋಡಿ, ಫಾರ್ಮಿನಲ್ಲಿ ನಮಗೆ ಬೇಕಾದ ಮೂವರ ಹೆಸರು ಬರೆಯಬೇಕು. ಮೈಸೂರಿನಿಂದ ಬಂದು ಎರಡು ವರ್ಷವಾಗಿದ್ದ ನಾನು ಮೂರಕ್ಕೆ ಮೂರೂ ದೊಡ್ಡ ಪ್ರೊಫೆಸರುಗಳನ್ನೇ ಬರೆದೆ. ಸಿಕ್ಕಿದ್ದು ಅಕ್ಕಾರು. ಪ್ರೊಫೆಸರಲ್ಲ, ನನ್ನ ಹಾಗೆಯೇ ಲ್ಯಾಬಿನ ಸಿಬ್ಬಂದಿ. ‘ಇವರಿಂದ ನನಗೇನು ಉಪಯೋಗ? ಬದಲಾಯಿಸಿ’ ಎಂದು ಆಫೀಸಿಗೆ ಮೇಲ್ ಬರೆದೆ. ನನ್ನ ದುಡುಕು ಬುದ್ಧಿಗೆ ಏನನ್ನಬೇಕೋ, ರಿಪ್ಲೈ ಆಲ್ ಒತ್ತಿದ್ದೆ. ಮೇಲ್ ಅವರಿಗೂ ಹೋಯಿತು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಈ ವರ್ಷ ಬದಲಾವಣೆ ಸಾಧ್ಯವಿಲ್ಲ ಎಂದು ಆಫೀಸಿನವರು ಉತ್ತರಿಸಿದರು.  ಗುರುವಾರ ಮಧ್ಯಾಹ್ನ ಅಕ್ಕಾರು ಕ್ಯಾಂಟೀನಿಗೆ ಬಂದು, ಎದುರು ಕೂತು ಡಬ್ಬಿ ಬಿಚ್ಚಿ, “ರೊಟ್ಟಿ ತಿಂತೀರಿಲ್ಲ?” ಎಂದರು. ಕ್ಷಮೆ ಕೇಳಬೇಕೆಂದುಕೊಂಡೆ. ಬಾಯಿ ತುಂಬ ರೊಟ್ಟಿಯಿದೆ ಎಂಬ ನೆವ ಸಿಕ್ಕಿತು.

ಆಮೇಲೆ ನಾಲ್ಕು ವರ್ಷ, ಪ್ರತಿ ಗುರುವಾರ. ವಾರಕ್ಕೆ ಅದೊಂದು ಗಂಟೆ ಎದುರೆದುರು ಕೂತು ಕನ್ನಡ ಮಾತು; ಉಳಿದಂತೆ ನನಗೆ ಫ್ರೀಜರುಗಳ ಗುಂಯ್ ಸದ್ದೇ ಜೊತೆ. ಒಮ್ಮೆ, ನಾನು ಹಗಲಿರುಳು ದುಡಿದ ಸಂಶೋಧನಾ ಪೇಪರಿನ ಲೇಖಕರಲ್ಲಿ ನನ್ನ ಹೆಸರೇ ಇರಲಿಲ್ಲ. ಅಳುತ್ತ ಕೂತೆ. “ಅತ್ತರ ಹೆಸರು ಬರಂಗಿಲ್ರಿ, ಕೇಳಬೇಕು” ಎಂದು ತಾವೇ ನನ್ನ ಬಾಸ್‌ನಂತೆ ನಟಿಸಿ, ಹುಬ್ಬು ಗಂಟಿಕ್ಕಿ, ‘ನನ್ನ ಹೆಸರು ಸೇರಿಸಿ’ ಎಂದು ನನ್ನಿಂದ ಐದು ಸಲ ಇಂಗ್ಲಿಷಿನಲ್ಲಿ ಕೇಳಿಸಿದರು. ಮರುದಿನ ನಿಜವಾದ ಬಾಸ್ ಅಷ್ಟು ಬಿಗಿಯಾಗಿರಲಿಲ್ಲ. ಹೆಸರು ಸೇರಿತು. ಆ ಸಂತೋಷದಲ್ಲೂ, ನಾನು ಬರೆದಿದ್ದ ಆ ಮೇಲ್‌ಗೆ ಕ್ಷಮೆ ಕೇಳುವ ಮಾತು ಬಾಯಿಗೆ ಬರಲಿಲ್ಲ.

ಕಳೆದ ಚಳಿಗಾಲ ಅವರು ಕ್ಯಾನ್ಸರಿನಿಂದ ಹಾಸಿಗೆ ಹಿಡಿದರು. ಹೂಸ್ಟನ್ನಿನ ಹೊರವಲಯದ ಕೇಟಿ ಊರಿನಲ್ಲಿದ್ದ ಅವರ ಮನೆಗೆ ಡ್ರೈವ್ ಮಾಡಿಕೊಂಡು ಹೋದೆ. ನರ್ಸ್ ಬಿಟ್ಟರೆ ಇನ್ನೊಂದು ನರಪಿಳ್ಳೆಯಿರಲಿಲ್ಲ. ಕೊನೆಗೂ ಹೇಳಿದೆ: “ಅಕ್ಕಾರ, ಮೊದಲನೇ ವಾರ ನಾನು ಬರೆದ ಮೇಲ್... ತುಂಬಾ ತಪ್ಪಾಯ್ತು.”

ಅವರು ನಕ್ಕರು. “ಓದೀನ್ರಿ. ಆರು ವರ್ಷ ಆ ಲಿಸ್ಟಿನ್ಯಾಗ ನನ್ನ ಹೆಸರಿತ್ತು. ಯಾರೂ ಕೇಳಿರಲಿಲ್ಲ. ಬ್ಯಾಡ ಅನ್ನಾಕಾದರೂ ಒಬ್ಬರು ಬಂದ್ರಲ್ಲಾ ಅಂತ ಸಮಾಧಾನ ಆತು.”

ಹತ್ತು ದಿನಕ್ಕೆ ತೀರಿಕೊಂಡರು. ಅಷ್ಟು ಕಲಿಸಬಲ್ಲವರಿಗೆ ಸಿಕ್ಕಿದವಳು ನಾನೊಬ್ಬಳೇ.