ಗುಣವತಿಯಕ್ಕನ ಸಣ್ಣ ಕಂಪನಿಗಳು

ಇನ್ನಂಜೆಯ ಗುಣವತಿಯಕ್ಕ ಮಸ್ಕತ್ತಿನಲ್ಲಿ ನರ್ಸ್ ಆಗಿದ್ದವರು. ಜೊತೆಯವರು ಚಿನ್ನ ಕೊಂಡರು, ಸೈಟು ಕೊಂಡರು. ಇವರು ಮಾತ್ರ 2008ರಿಂದ ತಿಂಗಳು ತಿಂಗಳು ಸಂಬಳದ ಒಂದು ಪಾಲನ್ನು ನಮ್ಮ ದೇಶದ ಸಣ್ಣ ಕಂಪನಿಗಳ ಶೇರು ಕೊಳ್ಳುವ ಮ್ಯೂಚುವಲ್ ಫಂಡಿಗೆ ಹಾಕಿದರು. ಅದು ಏರಿತು, ಬಿದ್ದಿತು, ಮತ್ತೆ ಏರಿತು. ಇವರು ಮುಟ್ಟಲಿಲ್ಲ.

2020ರ ಮಾರ್ಚಿನಲ್ಲಿ ಕೊರೋನಾ ಬಂದು, ಹದಿನೆಂಟು ಲಕ್ಷವಾಗಿದ್ದ ಹಣ ಹನ್ನೊಂದಕ್ಕೆ ಕುಸಿಯಿತು. ರಜೆಯಲ್ಲಿ ಊರಿಗೆ ಬಂದಿದ್ದ ತಂಗಿಯ ಮೇಲೆ ಅಣ್ಣ ವಾಮನ ಅಂಗಳದಲ್ಲೇ ಕೂಗಾಡಿದರು.

"ಹೆಂಗಸರಿಗೆ ಶೇರು ಎಂತಕ್ಕೆ? ಉಳಿದದ್ದನ್ನಾದರೂ ತೆಗೆ. ನಮ್ಮ ಕುಟುಂಬದ ದೈವದ ಚಾವಡಿಯ ಮಾಡು ಸೋರುತ್ತಾ ಉಂಟು, ಅದಕ್ಕೆ ಕೊಡು. ದೈವಕ್ಕೆ ಕೊಟ್ಟದ್ದು ಇಳಿಯುವುದಿಲ್ಲ."

ದೈವದ ಹೆಸರೆತ್ತಿದ ಮೇಲೆ ನಮ್ಮಲ್ಲಿ ಯಾವ ತಂಗಿ ಎದುರಾಡುತ್ತಾಳೆ? ತೆಗೆದುಕೊಟ್ಟರು. ಚಾವಡಿಗೆ ಹೊಸ ಹೆಂಚಿನ ಮಾಡು ಬಂತು. ಗೋಡೆಯ ಕಲ್ಲಿನಲ್ಲಿ ದಾನಿಯ ಹೆಸರು ವಾಮನ ಎಂದು ಕೆತ್ತಿದರು. ಕುಟುಂಬದ ಯಜಮಾನ ಅವರೇ ಅಂತೆ.

ಕಳೆದ ವಾರ ವಾಮನ ಮಣಿಪಾಲದ ಏಜೆಂಟನ ಆಫೀಸಿನಿಂದ ಬಣ್ಣದ ಕಾಗದ ಹಿಡಿದು ಬಂದರು. ಅದೇ ಫಂಡು, ಹದಿನೇಳು ವರ್ಷದ ಗೆರೆ. 2020ರ ಆ ಕುಸಿತ ಕಿರುಬೆರಳಿನಲ್ಲಿ ಮುಚ್ಚುವಷ್ಟು ಸಣ್ಣದು. ಅಲ್ಲಿಂದಾಚೆಗೆ ಹಣ ನಾಲ್ಕು ಪಟ್ಟಾಗಿತ್ತು. ವಾಮನ ತಮ್ಮ ಹೆಸರಿನಲ್ಲಿ ಐದು ಲಕ್ಷ ಹಾಕಿಯೇ ಬಂದಿದ್ದರು.

"ಇದಕ್ಕೆ ತಾಳ್ಮೆ ಬೇಕು ಮಾರಾಯ್ತಿ," ಎಂದರು ತಂಗಿಗೆ. "ಹತ್ತು ವರ್ಷ ಕೈ ಹಾಕಬಾರದು. ನಿನಗೆ ಅದೇ ಇರಲಿಲ್ಲ."

ಗುಣವತಿಯಕ್ಕ ಕಾಗದ ಮಡಚಿ ಅವರ ಕೈಗೇ ಕೊಟ್ಟರು.

"ನೀವು ತೆಗೆಸಿದಾಗ ನನ್ನದಕ್ಕೆ ಹನ್ನೆರಡು ವರ್ಷ ಆಗಿತ್ತು, ಅಣ್ಣ."